ಮಂಗಳೂರು, ಉಡುಪಿಯಲ್ಲಿ ಕೂತು ವೈದ್ಯಕೀಯ ಉಪಕರಣ ತರಿಸುವವರಿಗೆ: ಸರಿಯಾದ ಕ್ಲಿಯರಿಂಗ್ ಏಜೆಂಟನ್ನು ಹುಡುಕುವುದು ಹೇಗೆ?

ಪಣಂಬೂರು, ಬೈಕಂಪಾಡಿ ಕಡೆ ಒಂದು ಸುತ್ತು ಹೊಡೆದರೆ, ಕಸ್ಟಮ್ಸ್‌ನಿಂದ ಸಾಮಾನು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಬೋರ್ಡುಗಳಿಗೇನೂ ಬರ ಇಲ್ಲ. ಗೇರುಬೀಜ, ಮರದ ದಿಮ್ಮಿ, ತಾಳೆ ಎಣ್ಣೆ, ಗೊಬ್ಬರ, ಕಾಫಿ. ಇವುಗಳ ಕಾಗದಪತ್ರ ಅವರಿಗೆ ಅಂಗೈ ನೆಲ್ಲಿಕಾಯಿ. ಆದರೆ ಮಣಿಪಾಲದ ಸ್ಟಾರ್ಟಪ್‌ಗೆ ಜರ್ಮನಿಯಿಂದ ಮಾನಿಟರ್ ಬರಬೇಕು, ದೇರಳಕಟ್ಟೆಯ ಡೀಲರಿಗೆ ಕೊರಿಯಾದಿಂದ ಅಲ್ಟ್ರಾಸೌಂಡ್ ಬರಬೇಕು, ಉಡುಪಿಯವರೊಬ್ಬರು ಡೆಂಟಲ್ ಇಂಪ್ಲಾಂಟ್ ವ್ಯಾಪಾರ ಶುರು ಮಾಡಬೇಕು ಅಂತಿದ್ದಾರೆ. ಆಗ ವಿಷಯ ಬೇರೆ. ಇಲ್ಲಿ ಕಸ್ಟಮ್ಸ್ ಜೊತೆಗೆ ಔಷಧ ನಿಯಂತ್ರಣದವರ ಒಪ್ಪಿಗೆಯೂ ಬೇಕು. ಗೇರುಬೀಜದ ಏಜೆಂಟ್ ಎಷ್ಟೇ ಒಳ್ಳೆಯವರಾದರೂ ಈ ಎರಡನೆಯ ಕೆಲಸ ಅವರಿಗೆ ಹೊಸದಾಗಿರಬಹುದು.

ಹಾಗಾಗಿ ಆಫೀಸು ಮನೆಗೆ ಹತ್ತಿರ ಇದೆಯಾ ಅಂತ ನೋಡುವುದು ಆಮೇಲೆ. ನಿಮ್ಮ ಸಾಮಾನು ಇಳಿಯುವ ಜಾಗದಲ್ಲಿ, ನಿಮ್ಮ ಥರದ್ದೇ ಸಾಮಾನನ್ನು ಬಿಡಿಸಿ ಗೊತ್ತಿರುವವರು ಬೇಕು. ಅಂಥವರನ್ನು ಹುಡುಕುವ ಕ್ರಮ ಹೀಗಿದೆ.

1. ಏಜೆಂಟಿಗೆ ಫೋನ್ ಮಾಡುವ ಮುಂಚೆ ಲೈಸೆನ್ಸ್ ವಿಷಯ ಬಗೆಹರಿಸಿ

ನಮ್ಮಲ್ಲಿ ವೈದ್ಯಕೀಯ ಉಪಕರಣ ನಿಯಮಗಳು 2017 ಅಂತ ಇವೆ, 2018ರ ಜನವರಿ 1ರಿಂದ ಜಾರಿಯಲ್ಲಿವೆ. ಉಪಕರಣಗಳನ್ನು ಅಪಾಯದ ಲೆಕ್ಕದಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ ಮಾಡಿದ್ದಾರೆ. ಎ ಅಂದರೆ ಅಪಾಯ ಕಡಿಮೆ. ಡಿ ಅಂದರೆ ಹೃದಯದ ಸ್ಟೆಂಟ್‌ನಂಥವು. ಮೊದಲು ಕೆಲವೇ ಉಪಕರಣಗಳಿಗೆ ಲೈಸೆನ್ಸ್ ಬೇಕಿತ್ತು. ಎ ಮತ್ತು ಬಿ ವರ್ಗಕ್ಕೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್ 1ರಿಂದ ಕಡ್ಡಾಯ ಆಯಿತು. ಎ ವರ್ಗದಲ್ಲಿ ಸ್ಟೆರೈಲ್ ಅಲ್ಲದ, ಅಳತೆಯ ಕೆಲಸ ಮಾಡದ ಸಾಮಾನಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಆದರೆ ಅದನ್ನೂ ಕೇಂದ್ರ ಔಷಧ ನಿಯಂತ್ರಣದವರ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಆಮದು ಲೈಸೆನ್ಸ್‌ಗೆ ಅರ್ಜಿ ಎಂಡಿ-14ರಲ್ಲಿ. ಸಿಗುವ ಲೈಸೆನ್ಸ್ ಎಂಡಿ-15. ಕೊಡುವವರು ದೆಹಲಿಯ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಎಸ್‌ಸಿಒ. ವಿದೇಶಿ ತಯಾರಕರು ನಿಮ್ಮನ್ನು ಅಧಿಕೃತ ಏಜೆಂಟ್ ಅಂತ ನೇಮಿಸಿ ಪವರ್ ಆಫ್ ಅಟಾರ್ನಿ ಕೊಡಬೇಕು. ನಿಮ್ಮ ಬಳಿ ಸಗಟು ಮಾರಾಟದ ಲೈಸೆನ್ಸ್ ಅಥವಾ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಕೊಡುವ ಎಂಡಿ-42 ನೋಂದಣಿ ಇರಬೇಕು. ಅರ್ಜಿ ಹಾಕಿದ ಮೇಲೆ ತೀರ್ಮಾನಕ್ಕೆ ನಿಯಮದಲ್ಲೇ ಒಂಬತ್ತು ತಿಂಗಳ ಅವಕಾಶ ಇದೆ. ಅಲ್ಲಿಯವರೆಗೆ ಸಾಮಾನು ಹಡಗು ಹತ್ತಬಾರದು.

ಮಾರಾಟಕ್ಕಲ್ಲ, ಸುಮ್ನೆ ಪರೀಕ್ಷೆಗೆ, ಡೆಮೊಗೆ ಅಥವಾ ತರಬೇತಿಗೆ ಒಂದೆರಡು ಯಂತ್ರ ಬೇಕು ಅಂದರೆ ದಾರಿ ಬೇರೆ: ಎಂಡಿ-16ರಲ್ಲಿ ಅರ್ಜಿ, ಎಂಡಿ-17 ಲೈಸೆನ್ಸ್. ಮಣಿಪಾಲದ ಕಡೆಯ ಸಂಶೋಧಕರಿಗೆ, ಸ್ಟಾರ್ಟಪ್‌ಗಳಿಗೆ ಜಾಸ್ತಿ ಬೇಕಾಗುವುದು ಇದೇ. ಮನೆಯ ರೋಗಿಯ ಸ್ವಂತ ಬಳಕೆಗೆ ಸ್ವಲ್ಪ ಪ್ರಮಾಣದಲ್ಲಿ ತರಿಸುವುದಾದರೆ ಎಂಡಿ-20ರಲ್ಲಿ ಅರ್ಜಿ ಹಾಕಿ ಎಂಡಿ-21 ಪರವಾನಗಿ ತಗೊಳ್ಳಬೇಕು.

ಕೆಲವು ಸಾಮಾನಿಗೆ ಇನ್ನೂ ಬಾಲಂಗೋಚಿ ಇದೆ. ಎಕ್ಸ್‌ರೇ, ಸಿಟಿ ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಬ್ಲೂಟೂತ್, ವೈಫೈ ಇರುವ ಮಾನಿಟರಿಗೆ ದೂರಸಂಪರ್ಕ ಇಲಾಖೆಯ ಇಟಿಎ ಅನ್ನುವ ಅನುಮೋದನೆ ಬೇಕು. ಅಲ್ಟ್ರಾಸೌಂಡ್ ಆದರೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಬರುತ್ತದೆ, ನೋಂದಣಿ ಇಲ್ಲದ ಸೆಂಟರಿಗೆ ಮಾರುವ ಹಾಗಿಲ್ಲ. ಹಳೆಯ, ರಿಪೇರಿ ಮಾಡಿದ ಯಂತ್ರ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಆಸೆ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಹೊಸದಕ್ಕೆ ಇರುವ ಲೈಸೆನ್ಸ್ ತೋರಿಸಿ ಹಳೆಯದನ್ನು ಬಿಡಿಸಲು ಆಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ಒಂದೇ ಯಂತ್ರ, ಅದನ್ನು ತರಿಸುವ ಲೈಸೆನ್ಸ್ ಭಾರತದಲ್ಲಿ ಈಗಾಗಲೇ ಯಾರದೋ ಬಳಿ ಇದೆ ಅಂದರೆ ಅವರಿಂದಲೇ ರೂಪಾಯಿಯಲ್ಲಿ ಕೊಂಡುಬಿಡಿ. ಸ್ವಲ್ಪ ದುಡ್ಡು ಜಾಸ್ತಿ ಹೋಗಬಹುದು, ತಲೆನೋವು ತಪ್ಪುತ್ತದೆ.

ಕಸ್ಟಮ್ಸ್ ಬ್ರೋಕರ್, ಅಂದರೆ ಕ್ಲಿಯರಿಂಗ್ ಏಜೆಂಟ್, ಈ ಲೈಸೆನ್ಸ್ ಮಾಡಿಸಿಕೊಡುವವರಲ್ಲ. ಅದಕ್ಕೆ ರೆಗ್ಯುಲೇಟರಿ ಕನ್ಸಲ್ಟೆಂಟ್ ಬೇರೆ ಇರುತ್ತಾರೆ. ಕೆಲವು ಆಫೀಸುಗಳಲ್ಲಿ ಎರಡೂ ಕೆಲಸ ಮಾಡುತ್ತಾರೆ ನಿಜ. ಆದರೂ ಎರಡಕ್ಕೂ ಬೇರೆ ಬೇರೆ ಕೊಟೇಶನ್ ಕೇಳಿ.

2. ಸಾಮಾನು ಎಲ್ಲಿ ಇಳಿಯುತ್ತದೆ?

ಮಂಗಳೂರಿನವರು ಎಡವುವುದು ಇಲ್ಲೇ. ಮನೆ ಬಾಗಿಲಲ್ಲೇ ಬಂದರು ಇದೆ, ಅಲ್ಲೇ ಇಳಿಸಿದರೆ ಆಯಿತಲ್ವಾ ಅಂತ ಅನಿಸುತ್ತದೆ. ಆದರೆ ಔಷಧ ನಿಯಮಗಳ 43ಎ ನಿಯಮದಲ್ಲಿ ಔಷಧಗಳನ್ನು ಯಾವ ಬಂದರು, ಯಾವ ವಿಮಾನ ನಿಲ್ದಾಣದ ಮೂಲಕ ತರಬಹುದು ಅಂತ ಪಟ್ಟಿಯೇ ಇದೆ. ಕಾನೂನಿನ ಕಣ್ಣಿಗೆ ವೈದ್ಯಕೀಯ ಉಪಕರಣವೂ ಔಷಧವೇ. ಬೆಂಗಳೂರು ವಿಮಾನ ನಿಲ್ದಾಣ, ಕೊಚ್ಚಿ, ಚೆನ್ನೈ, ಮುಂಬೈ ಪಕ್ಕದ ನವಾ ಶೇವಾ ಬಂದರು ಇವೆಲ್ಲ ಈ ಕೆಲಸಕ್ಕೆ ಪಳಗಿದ ಜಾಗಗಳು. ಅಲ್ಲಿ ಸಿಡಿಎಸ್‌ಸಿಒದ ಪೋರ್ಟ್ ಆಫೀಸ್ ಇದೆ, ಸಹಾಯಕ ಔಷಧ ನಿಯಂತ್ರಕರು (ಎಡಿಸಿ) ಕೂರುತ್ತಾರೆ. ಅವರು ಕೊಡುವ ಒಪ್ಪಿಗೆಯನ್ನೇ ಏಜೆಂಟರು ಎಡಿಸಿ ಎನ್‌ಒಸಿ ಅನ್ನುವುದು. ಅದು ಬರದೆ ಸಾಮಾನು ಹೊರಗೆ ಬರುವುದಿಲ್ಲ.

ಆದ್ದರಿಂದ ಏಜೆಂಟಿಗೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಇರಲಿ: "ನನ್ನ ಸಾಮಾನಿಗೆ ಇವತ್ತಿನ ಪಟ್ಟಿಯಲ್ಲಿ ಯಾವ ಜಾಗ ಆಗುತ್ತದೆ?" ಸಣ್ಣ ಪೆಟ್ಟಿಗೆ, ಬೆಲೆ ಜಾಸ್ತಿ ಅಂದರೆ ಹೆಚ್ಚಿನವರು ಬೆಂಗಳೂರಿಗೆ ವಿಮಾನದಲ್ಲಿ ತರಿಸಿ ಅಲ್ಲಿಂದ ರಸ್ತೆಯಲ್ಲಿ ಇಳಿಸುತ್ತಾರೆ. ಆಸ್ಪತ್ರೆ ಮಂಚದಂಥ ಭಾರದ ಸಾಮಾನಿಗೆ ಕೊಚ್ಚಿ ಅಥವಾ ನವಾ ಶೇವಾ. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಲಾರಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಯೋಚಿಸಿ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಟೆಸ್ಟ್ ಕಿಟ್ ತರಿಸುವವರಿಗೆ ಇದು ಸಣ್ಣ ವಿಷಯ ಅಲ್ಲ.

ಕೊರಿಯರ್‌ನಲ್ಲಿ ತರಿಸುವವರಿಗೆ ಒಂದು ಎಚ್ಚರಿಕೆ. ಕೊರಿಯರ್ ಕಂಪನಿಯವರು ಸಾಮಾನ್ಯವಾಗಿ ತಾವೇ ಕ್ಲಿಯರೆನ್ಸ್ ಮಾಡಿಬಿಡುತ್ತಾರೆ. ಲೈಸೆನ್ಸ್ ಬೇಕಾದ ಸಾಮಾನು ಅಂತ ಗೊತ್ತಾಗುವ ಹೊತ್ತಿಗೆ ಪೆಟ್ಟಿಗೆ ದೆಹಲಿಯಲ್ಲೋ ಮುಂಬೈಯಲ್ಲೋ ಕೂತಿರುತ್ತದೆ. ಪಾರ್ಸೆಲ್ ಹೊರಡುವ ಮುಂಚೆಯೇ ಯಾವ ಊರಿಗೆ ಇಳಿಯಬೇಕು, ಕ್ಲಿಯರ್ ಮಾಡುವವರು ನಿಮ್ಮ ಬ್ರೋಕರ್ ಅಂತ ಲಿಖಿತವಾಗಿ ತಿಳಿಸಿ.

3. ಹೆಸರು ಕಲೆಹಾಕುವುದು

ಗೂಗಲ್‌ನಲ್ಲಿ ಹುಡುಕಿದರೆ ನೂರು ಹೆಸರು ಬರುತ್ತವೆ. ಅದಕ್ಕಿಂತ ದೊಡ್ಡ ಆಸ್ಪತ್ರೆಯೊಂದರ ಬಯೋಮೆಡಿಕಲ್ ಎಂಜಿನಿಯರನ್ನು ಅಥವಾ ಪರ್ಚೇಸ್ ವಿಭಾಗದವರನ್ನು ಕೇಳಿ. ನಮ್ಮ ಎರಡು ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳಿಗೇನೂ ಕಮ್ಮಿ ಇಲ್ಲ. ಯಾವ ಸಪ್ಲೈಯರ್ ಹೇಳಿದ ದಿನಕ್ಕೆ ಯಂತ್ರ ತಂದು ಇಳಿಸುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ಆ ಸಪ್ಲೈಯರಿಗೆ ಫೋನ್ ಮಾಡಿ ಅವರ ಏಜೆಂಟ್ ಯಾರು ಅಂತ ಕೇಳಿ. ಅವರು ನಿಮಗೆ ಪೈಪೋಟಿ ಅಲ್ಲದಿದ್ದರೆ ಖುಷಿಯಿಂದ ಹೇಳುತ್ತಾರೆ.

ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯಲ್ಲೂ ವಿಚಾರಿಸಬಹುದು. ಮಂಗಳೂರಿನಲ್ಲಿ ನಿಮಗೆ ಪರಿಚಯದ ಬ್ರೋಕರ್ ಇದ್ದರೆ ಅವರನ್ನೂ ಬಿಡಬೇಡಿ. "ನೀವು ಮಾಡದಿದ್ದರೂ ಪರವಾಗಿಲ್ಲ, ಬೆಂಗಳೂರಲ್ಲಿ ಎಡಿಸಿ ಕೆಲಸ ಗೊತ್ತಿರುವವರು ಯಾರು ಹೇಳಿ" ಅಂದರೆ ಒಳ್ಳೆಯ ಹೆಸರೇ ಸಿಗುತ್ತದೆ. ಈ ಲೈನಿನಲ್ಲಿ ಒಬ್ಬರಿಗೊಬ್ಬರು ಚೆನ್ನಾಗಿ ಗೊತ್ತು. ಮೂರು ಹೆಸರು ಸಿಕ್ಕರೆ ಸಾಕು.

4. ಮೊದಲ ಫೋನ್

ಒಳ್ಳೆಯ ಏಜೆಂಟ್ ಮೊದಲು ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. "ಎಂಡಿ-15 ಇದೆಯಾ? ಯಾರ ಹೆಸರಲ್ಲಿದೆ? ತಯಾರಿಕಾ ಘಟಕದ ವಿಳಾಸ ಯಾವುದು? ಇನ್‌ವಾಯ್ಸ್ ಡ್ರಾಫ್ಟ್ ಕಳಿಸಿ ನೋಡುವ." ಹೀಗೆ ಶುರುವಾದರೆ ಮಾತು ಮುಂದುವರಿಸಿ.

"ಎಲ್ಲ ಆಗ್ತದೆ ಸರ್, ನೀವು ಮೊದಲು ಮಾಲು ಹಾಕ್ಸಿ, ಮತ್ತೆ ನೋಡುವ" ಅಂತ ಶುರುವಾದರೆ ಫೋನ್ ಇಟ್ಟುಬಿಡಿ ಮಾರಾಯ್ರೆ.

ನೀವು ಕೇಳಬೇಕಾದ್ದು ಇಷ್ಟು. ಈ ವರ್ಗದ ಉಪಕರಣ ಈಚೆಗೆ ಯಾವುದು ಬಿಡಿಸಿದ್ದೀರಿ, ಎಲ್ಲಿ? ಅಲ್ಲಿ ನಿಮ್ಮದೇ ಬ್ರಾಂಚ್ ಇದೆಯಾ, ಬೇರೆಯವರಿಗೆ ಕೊಡುತ್ತೀರಾ? ಎಡಿಸಿಯಿಂದ ಯಾವ ಥರದ ಕ್ವೆರಿ ಬರುತ್ತದೆ? ಈ ಕೊನೆಯ ಪ್ರಶ್ನೆಗೆ ಅನುಭವ ಇರುವವರು ತಡವರಿಸುವುದಿಲ್ಲ. ಲೇಬಲ್‌ನಲ್ಲಿ ಆಮದುದಾರರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಮಾಡೆಲ್ ತಾಳೆಯಾಗುವುದಿಲ್ಲ, ಬಾಳಿಕೆ ಅವಧಿ ಸಾಲದು ಅಂತ ಪಟಪಟ ಹೇಳುತ್ತಾರೆ. ಬಾಳಿಕೆ ಅವಧಿಯ ಲೆಕ್ಕ ನಿಮಗೂ ಗೊತ್ತಿರಲಿ. ಒಟ್ಟು ಅವಧಿ ಒಂದು ವರ್ಷಕ್ಕಿಂತ ಜಾಸ್ತಿ ಇರುವ ಸಾಮಾನು ಭಾರತಕ್ಕೆ ಬರುವ ದಿನ ಅದರ ಶೇ. 60ಕ್ಕಿಂತ ಹೆಚ್ಚು ಬಾಕಿ ಇರಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ ಬ್ಯಾಚ್ ತರಿಸಿದರೆ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

"ಅಲ್ಲಿನ ಆಫೀಸರ್ ನಮಗೆ ತುಂಬ ಪರಿಚಯ" ಅನ್ನುವ ಮಾತಿಗೆ ಮಾರು ಹೋಗಬೇಡಿ. 2020ರಿಂದ ದೇಶದಲ್ಲೆಲ್ಲ ಫೇಸ್‌ಲೆಸ್ ಅಸೆಸ್‌ಮೆಂಟ್, ಅಂದರೆ ಮುಖ ನೋಡದ ಪರಿಶೀಲನೆ ಇದೆ. ಬೆಂಗಳೂರಲ್ಲಿ ಇಳಿದ ಸಾಮಾನಿನ ಬಿಲ್ ಆಫ್ ಎಂಟ್ರಿಯನ್ನು (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ಇನ್ಯಾವುದೋ ಊರಿನ ಅಧಿಕಾರಿ ಪರಿಶೀಲಿಸುತ್ತಿರಬಹುದು. ಅಲ್ಲಿ ಉಪಯೋಗಕ್ಕೆ ಬರುವುದು ಕ್ವೆರಿಗೆ ಚೊಕ್ಕವಾಗಿ ಉತ್ತರ ಬರೆಯುವ ಕೈ.

5. ಲೈಸೆನ್ಸ್ ನೋಡಿ, ಕಾರ್ಡ್ ನೋಡಿ

ಈಗಲೂ ಎಲ್ಲರ ಬಾಯಲ್ಲಿ ಸಿಎಚ್‌ಎ, ಅಂದರೆ ಕಸ್ಟಮ್ಸ್ ಹೌಸ್ ಏಜೆಂಟ್ ಅಂತಲೇ ಇದೆ. ಕಾಗದದಲ್ಲಿ ಅವರು ಕಸ್ಟಮ್ಸ್ ಬ್ರೋಕರ್. 1962ರ ಕಸ್ಟಮ್ಸ್ ಕಾಯ್ದೆಯ 146ನೇ ಸೆಕ್ಷನ್ ಮತ್ತು 2018ರ ಬ್ರೋಕರ್ ಲೈಸೆನ್ಸಿಂಗ್ ನಿಯಮಗಳ ಪ್ರಕಾರ ಲೈಸೆನ್ಸ್ ಇರಬೇಕು. ನಂಬರ್ ಕೇಳಿ, ಪ್ರತಿ ತಗೊಳ್ಳಿ, ಲೈಸೆನ್ಸ್ ಕೊಟ್ಟ ಕಮಿಷನರೇಟ್‌ನಲ್ಲಿ ತಾಳೆ ನೋಡಿ. ಮಂಗಳೂರಿನದ್ದಾದರೆ ಪಣಂಬೂರಿನ ಕಸ್ಟಮ್ ಹೌಸ್‌ನಲ್ಲಿ ವಿಚಾರಿಸಬಹುದು. ಲೈಸೆನ್ಸನ್ನು ಮಾರುವ ಹಾಗಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವ ಹಾಗಿಲ್ಲ.

ಪರೀಕ್ಷೆ ಪಾಸಾದ ಮುಖ್ಯ ವ್ಯಕ್ತಿಗೆ ಎಫ್ ಕಾರ್ಡ್, ಪರೀಕ್ಷೆ ಪಾಸಾದ ನೌಕರರಿಗೆ ಜಿ ಕಾರ್ಡ್, ಸಹಾಯಕರಿಗೆ ಎಚ್ ಕಾರ್ಡ್. ಎಚ್ ಕಾರ್ಡಿನವರು ಕಾಗದಕ್ಕೆ ಸಹಿ ಹಾಕುವ ಹಾಗಿಲ್ಲ. ನಿಮ್ಮ ಸಾಮಾನು ಇಳಿಯುವ ಊರಿನಲ್ಲಿ ಸಹಿ ಹಾಕುವವರು ಯಾರು ಅಂತ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಏನಾದರೂ ತೊಂದರೆ ಬಂದರೆ ಫೋನ್ ಎತ್ತಬೇಕಾದವರು ಅವರೇ.

ಅವರೂ ನಿಮ್ಮ ದಾಖಲೆ ಕೇಳಬೇಕು. ಪ್ಯಾನ್, ಜಿಎಸ್‌ಟಿ, ಐಇಸಿ ಅಂದರೆ ಆಮದು ರಫ್ತು ಕೋಡ್, ವಿಳಾಸದ ಪುರಾವೆ, ಅಧಿಕಾರ ಪತ್ರ. ಐಇಸಿ ಇಲ್ಲದಿದ್ದರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಪೋರ್ಟಲ್‌ನಲ್ಲಿ 500 ರೂಪಾಯಿ ಕಟ್ಟಿ ಮಾಡಿಸಿಕೊಳ್ಳಿ. ಕೆವೈಸಿ ಕೇಳುವುದು ಬ್ರೋಕರ್‌ಗೆ ಕಾನೂನು ಹಾಕಿದ ಕರ್ತವ್ಯ. ಏನೂ ಕೇಳದೆ ಕೆಲಸಕ್ಕೆ ಇಳಿಯುವವರ ಮೇಲೆ ಅನುಮಾನ ಇರಲಿ. "ನಿಮ್ಮ ಐಇಸಿ ಬೇಡ, ನಮ್ಮ ಪಾರ್ಟಿ ಒಬ್ಬರದ್ದರಲ್ಲಿ ತರಿಸುವ" ಅಂದರಂತೂ ಕೈಮುಗಿದು ಎದ್ದುಬನ್ನಿ. ಆಮದು ಲೈಸೆನ್ಸ್ ಯಾರ ಹೆಸರಲ್ಲಿ ಇದೆಯೋ ಅವರೇ ತರಿಸಬೇಕು, ಇದರಲ್ಲಿ ಅಡ್ಡದಾರಿ ಇಲ್ಲ.

6. ರೇಟು

ಕೆಲವರು ಸಾಮಾನಿನ ಬೆಲೆಯ ಮೇಲೆ ಶೇಕಡಾ ಇಷ್ಟು ಅನ್ನುತ್ತಾರೆ, ಕೆಲವರು ಒಂದು ಕನ್‌ಸೈನ್‌ಮೆಂಟ್‌ಗೆ ಇಷ್ಟು ಅನ್ನುತ್ತಾರೆ. ಬೆಲೆ ಜಾಸ್ತಿ, ಪೆಟ್ಟಿಗೆ ಸಣ್ಣದು ಇರುವ ನಮ್ಮ ಥರದ ಸಾಮಾನಿಗೆ ಎರಡನೆಯದೇ ಲಾಭ.

ಕೊಟೇಶನ್‌ನಲ್ಲಿ ಎರಡು ಭಾಗ ಬೇರೆ ಬೇರೆ ಇರಲಿ. ಒಂದು, ಅವರ ಏಜೆನ್ಸಿ ಚಾರ್ಜ್ ಮತ್ತು ಅದರ ಮೇಲಿನ ಜಿಎಸ್‌ಟಿ. ಇನ್ನೊಂದು, ನಿಮ್ಮ ಪರವಾಗಿ ಕಟ್ಟುವ ದುಡ್ಡು: ಸಾಗಣೆದಾರರು ಸಾಮಾನು ಬಿಡಲು ಕೊಡುವ ಡೆಲಿವರಿ ಆರ್ಡರ್, ಟರ್ಮಿನಲ್ ಚಾರ್ಜ್, ತಡವಾಗಿ ಬಿಡಿಸಿದ್ದಕ್ಕೆ ಬೀಳುವ ಡೆಮರೇಜ್ ಇದ್ದರೆ ಅದು. ಈ ಎರಡನೆಯ ಭಾಗದಲ್ಲಿ ಪ್ರತಿ ಪೈಸೆಗೂ ರಸೀದಿ ಬೇಕು ಅಂತ ಮೊದಲೇ ಹೇಳಿ. "ಮಿಸಲೇನಿಯಸ್" ಅನ್ನುವ ಸಾಲು ಕಂಡರೆ ಅದು ಏನು ಅಂತ ಕೇಳಿ. ರಸೀದಿ ಇಲ್ಲದ ಖರ್ಚು ನಮ್ಮಲ್ಲಿ ಪಾಸಾಗುವುದಿಲ್ಲ ಅಂತ ಮೊದಲ ದಿನವೇ ಹೇಳಿದರೆ ಆಮೇಲೆ ಮುಜುಗರ ಇಲ್ಲ.

ಸುಂಕವನ್ನು ಏಜೆಂಟಿನ ಖಾತೆಗೆ ಹಾಕಬೇಡಿ. ಕಸ್ಟಮ್ಸ್‌ನ ಪೋರ್ಟಲ್ ಐಸ್‌ಗೇಟ್‌ನಲ್ಲಿ ನಿಮ್ಮದೇ ಲಾಗಿನ್ ಮಾಡಿಸಿ, ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್‌ನಿಂದ ನೀವೇ ಕಟ್ಟಿ. ಎಷ್ಟು ಕಟ್ಟಬೇಕು ಅನ್ನುವುದು ಎಚ್‌ಎಸ್ ಕೋಡ್, ಅಂದರೆ ಸುಂಕಕ್ಕಾಗಿ ಸಾಮಾನನ್ನು ವಿಂಗಡಿಸುವ ಸಂಖ್ಯೆಯ ಮೇಲೆ ನಿಂತಿದೆ. ಉಪಕರಣಗಳು ಹೆಚ್ಚಾಗಿ 9018ರಿಂದ 9022ರ ಒಳಗೆ ಬರುತ್ತವೆ. ಮೂಲ ಸುಂಕದ ಜೊತೆ 2020ರ ಬಜೆಟ್‌ನಲ್ಲಿ ಬಂದ ಶೇ. 5 ಆರೋಗ್ಯ ಸೆಸ್ ಇದೆ, ಕೆಲವಕ್ಕೆ ವಿನಾಯಿತಿಯೂ ಇದೆ. ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಹಲವು ಉಪಕರಣಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆಯ ಲೆಕ್ಕದ ಹಾಳೆ ಇಟ್ಟುಕೊಂಡು ಅಂದಾಜು ಕೊಡುವ ಏಜೆಂಟ್ ಇದ್ದರೆ ಇಲ್ಲೇ ಗೊತ್ತಾಗಿಬಿಡುತ್ತದೆ. ಮೂವರಿಂದಲೂ ಲಿಖಿತ ಸುಂಕದ ಅಂದಾಜು ಕೇಳಿ ಪಕ್ಕಪಕ್ಕ ಇಟ್ಟು ನೋಡಿ. ಮೂವರೂ ಮೂರು ಕೋಡ್ ಕೊಟ್ಟರೆ ಯಾಕೆ ಅಂತ ಕೇಳಿ. ಕಾರಣ ಸರಿಯಾಗಿ ಹೇಳಿದವರಿಗೆ ಅಂಕ ಕೊಡಿ.

ಸಪ್ಲೈಯರ್ ಜೊತೆ ಸಿಐಎಫ್ ಒಪ್ಪಂದ (ಸಾಗಣೆ, ವಿಮೆ ಅವರದ್ದೇ) ಮಾಡಿದರೆ ಫಾರ್ವರ್ಡರನ್ನು, ಅಂದರೆ ಸಾಗಣೆ ವ್ಯವಸ್ಥೆ ಮಾಡುವವರನ್ನು, ಅವರೇ ಆರಿಸುತ್ತಾರೆ. ಇಲ್ಲಿ ಇಳಿದ ಮೇಲೆ ಡೆಲಿವರಿ ಆರ್ಡರ್‌ಗೆ ಆ ಫಾರ್ವರ್ಡರ್ ಕೇಳಿದಷ್ಟು ಕೊಡಬೇಕಾಗುತ್ತದೆ. ಆದಷ್ಟು ಎಫ್‌ಒಬಿ ಮಾಡಿಕೊಳ್ಳಿ, ಅದರಲ್ಲಿ ಸಾಗಣೆಯವರನ್ನು ಆರಿಸುವುದು ನೀವೇ.

7. ಚೆಕ್‌ಲಿಸ್ಟ್ ಓದದೆ ಓಕೆ ಅನ್ನಬೇಡಿ

ಬಿಲ್ ಆಫ್ ಎಂಟ್ರಿ ಫೈಲ್ ಮಾಡುವ ಮುಂಚೆ ಬ್ರೋಕರ್ ಒಂದು ಚೆಕ್‌ಲಿಸ್ಟ್ ಕಳಿಸುತ್ತಾರೆ. ಸಣ್ಣ ಅಕ್ಷರದ ಪಿಡಿಎಫ್. ವಾಟ್ಸಾಪ್‌ನಲ್ಲಿ ಬರುತ್ತದೆ, ಕೆಳಗೆ "ಸರ್ ಪ್ಲೀಸ್ ಕನ್ಫರ್ಮ್" ಅಂತ ಇರುತ್ತದೆ. ಹೆಚ್ಚಿನವರು ಹೆಬ್ಬೆರಳು ಒತ್ತಿ ಕಳಿಸಿಬಿಡುತ್ತಾರೆ. ಮಾಡಬೇಡಿ. ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ, ಪಕ್ಕದಲ್ಲಿ ಎಂಡಿ-15 ಮತ್ತು ಇನ್‌ವಾಯ್ಸ್ ಇಟ್ಟುಕೊಂಡು ಸಾಲು ಸಾಲಾಗಿ ಓದಿ.

ಉದಾಹರಣೆಗೆ ಇನ್‌ಫ್ಯೂಷನ್ ಪಂಪ್ ಅಂದುಕೊಳ್ಳಿ. ಲೈಸೆನ್ಸ್‌ನಲ್ಲಿ ಮಾಡೆಲ್ "ಎ-200" ಅಂತ ಇದೆ. ಇನ್‌ವಾಯ್ಸ್‌ನಲ್ಲಿ "ಎ-200 ಪ್ಲಸ್" ಅಂತ ಬಂದಿದೆ. ತಯಾರಕರನ್ನು ಕೇಳಿದರೆ ಎರಡೂ ಒಂದೇ, ಹೊಸ ಡಿಸ್‌ಪ್ಲೇ ಅಷ್ಟೇ ಅನ್ನುತ್ತಾರೆ. ಎಡಿಸಿಗೆ ಅದು ಒಂದೇ ಅಲ್ಲ. ಲೈಸೆನ್ಸ್‌ನಲ್ಲಿ ಇಲ್ಲದ ಮಾಡೆಲ್, ಅಷ್ಟೇ. ಘಟಕದ ವಿಳಾಸವೂ ಹಾಗೇ. ಲೈಸೆನ್ಸ್ ಕೊಟ್ಟಿರುವುದು ಒಂದು ನಿರ್ದಿಷ್ಟ ಕಾರ್ಖಾನೆಗೆ. ಕಂಪನಿ ಅದೇ, ಆದರೆ ಈ ಬ್ಯಾಚ್ ಇನ್ನೊಂದು ದೇಶದ ಘಟಕದಿಂದ ಬಂದಿದೆ ಅಂದರೆ ಪೆಟ್ಟಿಗೆ ಅಲ್ಲೇ ಕೂರುತ್ತದೆ.

ಹೀಗಾಗಿ ಸಾಮಾನು ಹೊರಡುವ ಮುಂಚೆಯೇ ಸಪ್ಲೈಯರ್‌ನಿಂದ ಇನ್‌ವಾಯ್ಸ್ ಡ್ರಾಫ್ಟ್, ಪ್ಯಾಕಿಂಗ್ ಲಿಸ್ಟ್ ಮತ್ತು ಪೆಟ್ಟಿಗೆಯ ಲೇಬಲ್‌ನ ಫೋಟೋ ತರಿಸಿ ಏಜೆಂಟಿಗೆ ತೋರಿಸಿ. ಲೇಬಲ್‌ನಲ್ಲಿ ನಿಮ್ಮ ಹೆಸರು, ವಿಳಾಸ, ಆಮದು ಲೈಸೆನ್ಸ್ ನಂಬರ್ ಇರಬೇಕು. ವಿದೇಶದ ಗೋದಾಮಿನಲ್ಲಿ ಒಂದು ಸ್ಟಿಕ್ಕರ್ ಅಂಟಿಸುವುದು ಐದು ನಿಮಿಷದ ಕೆಲಸ. ಇಲ್ಲಿ ಇಳಿದ ಮೇಲೆ ಅದಕ್ಕೆ ಅನುಮತಿ ಕೇಳಬೇಕಾಗುತ್ತದೆ.

ಚೆಕ್‌ಲಿಸ್ಟ್‌ನಲ್ಲಿ ಜಿಎಸ್‌ಟಿ ನಂಬರ್, ಎಚ್‌ಎಸ್ ಕೋಡ್, ವಿನಾಯಿತಿ ನೋಟಿಫಿಕೇಶನ್, ಬೆಲೆ, ಕರೆನ್ಸಿ ಇವನ್ನೂ ನೋಡಿ. ಏಜೆಂಟ್ ತಪ್ಪು ಬರೆದರೂ ಘೋಷಣೆ ನಿಮ್ಮದು. ದಂಡದ ನೋಟಿಸ್ ಬರುವುದು ನಿಮ್ಮ ವಿಳಾಸಕ್ಕೆ. ಚೆಕ್‌ಲಿಸ್ಟ್ ಕಳಿಸದೆ ಫೈಲ್ ಮಾಡುವ ಏಜೆಂಟನ್ನು ಎರಡನೇ ಸಲ ಕರೆಯಬೇಡಿ.

8. ಸಾಮಾನು ಬಂದಾಗ

ಬಿಲ್ ಆಫ್ ಎಂಟ್ರಿಯನ್ನು ಹಡಗಿನ ಸಾಮಾನಿಗೆ ಸಾಮಾನ್ಯವಾಗಿ ಅದು ತಲುಪುವ ಹಿಂದಿನ ದಿನ ಮುಗಿಯುವುದರೊಳಗೆ, ವಿಮಾನದಲ್ಲಿ ಬಂದರೆ ತಲುಪುವ ದಿನ ಮುಗಿಯುವುದರೊಳಗೆ ಹಾಕಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಮುಂಚೆಯೇ ಹಾಕುವ ಅವಕಾಶ ಇರುವಾಗ ಕಾಯುವುದು ಯಾಕೆ? ದಾಖಲೆಗಳೆಲ್ಲ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆ ಇ-ಸಂಚಿತ್‌ನಲ್ಲಿ ಅಪ್‌ಲೋಡ್ ಆಗುತ್ತವೆ. ಬಿಲ್ ನಂಬರ್ ಸಿಕ್ಕ ತಕ್ಷಣ ಐಸ್‌ಗೇಟ್‌ನಲ್ಲಿ ನೀವೇ ಸ್ಟೇಟಸ್ ನೋಡಬಹುದು. "ಸಿಸ್ಟಮ್ ಡೌನ್ ಸರ್" ಅನ್ನುವ ಮಾತು ನಿಜವೋ ಅಲ್ಲವೋ ಅಂತ ಆಗ ಗೊತ್ತಾಗುತ್ತದೆ. ಒಮ್ಮೊಮ್ಮೆ ನಿಜವೇ ಇರುತ್ತದೆ, ಪಾಪ.

ಔಟ್ ಆಫ್ ಚಾರ್ಜ್, ಅಂದರೆ ಸಾಮಾನು ಬಿಡಲು ಕಸ್ಟಮ್ಸ್‌ನ ಅಂತಿಮ ಒಪ್ಪಿಗೆ ಆದ ಮೇಲೆ ಲಾರಿ ಹತ್ತಿಸುವ ಮುಂಚೆ ಇ-ವೇ ಬಿಲ್ ಮಾಡಿ. ಟ್ರಾನ್ಸಿಟ್ ಇನ್ಶೂರೆನ್ಸ್ ವಿಮಾನ ನಿಲ್ದಾಣದವರೆಗೆ ಮಾತ್ರ ಇದೆಯೋ, ಉಡುಪಿಯ ಗೋದಾಮಿನವರೆಗೂ ಇದೆಯೋ ಅಂತ ಪಾಲಿಸಿ ತೆಗೆದು ನೋಡಿ.

ಕೆಲಸ ಮುಗಿದ ವಾರದೊಳಗೆ ಏಜೆಂಟಿನಿಂದ ಪೂರ್ತಿ ಫೈಲ್ ಕೇಳಿ ಪಡೆಯಿರಿ: ಬಿಲ್ ಆಫ್ ಎಂಟ್ರಿಯ ಅಂತಿಮ ಪ್ರತಿ, ಔಟ್ ಆಫ್ ಚಾರ್ಜ್, ಎಡಿಸಿ ಎನ್‌ಒಸಿ, ಕ್ವೆರಿ ಮತ್ತು ಉತ್ತರಗಳು, ಎಲ್ಲ ರಸೀದಿಗಳು. ಐದು ವರ್ಷ ಇಟ್ಟುಕೊಳ್ಳಬೇಕು, ಕಸ್ಟಮ್ಸ್ ಆಡಿಟ್‌ನವರು ಆಮೇಲೂ ಕೇಳಬಹುದು. ಕಟ್ಟಿದ ಐಜಿಎಸ್‌ಟಿ ನಿಮ್ಮ 2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್‌ನ ಕ್ರೆಡಿಟ್ ಪಟ್ಟಿ) ಬಂದಿದೆಯಾ ಅಂತ ಲೆಕ್ಕದವರಿಗೆ ನೋಡಲು ಹೇಳಿ. ಬಂದಿಲ್ಲ ಅಂದರೆ ಮೊದಲು ಬಿಲ್ ಆಫ್ ಎಂಟ್ರಿಯಲ್ಲಿ ಜಿಎಸ್‌ಟಿ ನಂಬರ್ ಸರಿ ಇದೆಯಾ ಪರೀಕ್ಷಿಸಿ. ತಪ್ಪಿದ್ದರೆ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ತಿದ್ದುಪಡಿಗೆ ಅರ್ಜಿ ಹಾಕಬೇಕು. ಆ ಅರ್ಜಿಯ ಕೆಲಸವನ್ನೂ ಅದೇ ಏಜೆಂಟಿಗೆ ವಹಿಸಿ. ತಪ್ಪು ಅವರದ್ದಾಗಿದ್ದರೆ ಅದಕ್ಕೆ ಬೇರೆ ಚಾರ್ಜ್ ಇಲ್ಲ ಅಂತ ಒಪ್ಪಂದದಲ್ಲೇ ಬರೆಸಿಟ್ಟುಕೊಳ್ಳಿ.